ಲ್ಯಾಪ್‌ಟಾಪ್ ಇಎಂಐಗೂ ಮುಂಚೆ ಹಳೇ ಪಿಸಿಯನ್ನೊಮ್ಮೆ ಕೇಳಿ

ರಜೆ ಬಂತೆಂದರೆ ಸಾಕು, ಸಾಫ್ಟ್‌ವೇರ್ ಎಂಜಿನಿಯರ್ ಅನ್ನಿಸಿಕೊಂಡವರ ಫೋನಿಗೆ ಊರಿನಿಂದ ಒಂದೇ ಥರದ ಮೆಸೇಜ್ ಬರೋಕೆ ಶುರು. ‘ಗೇಮ್ ಆಡೋಕೆ ಯಾವ ಲ್ಯಾಪ್‌ಟಾಪ್ ತಗೋಬೇಕು?’ ಕೇಳೋದು ಹುಡುಗರು, ಇಎಂಐ ಕಟ್ಟೋದು ಅಪ್ಪ ಅಮ್ಮ. ಈ ಸಲ ಮೆಸೇಜ್ ಬಂದದ್ದು ಕುರುಗೋಡಿನಿಂದ, ನನ್ನ ಅಕ್ಕನ ಮಗನಿಂದ. ಸೆಕೆಂಡ್ ಪಿಯುಸಿಗೆ ಹೋಗುವ ಹುಡುಗ. ಆರಿಸಿಟ್ಟ ಲ್ಯಾಪ್‌ಟಾಪ್ ಬೆಲೆ 68,000 ರೂಪಾಯಿ.

ಭಾವ ಹತ್ತಿ, ಮೆಣಸಿನಕಾಯಿ ಬೆಳೀತಾರೆ. ನಮ್ಮ ಬಳ್ಳಾರಿ ಕಡೆ ಮೆಣಸಿನಕಾಯಿ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಗೊಬ್ಬರ, ಔಷಧಿ, ಕೂಲಿ ಎಲ್ಲ ಮೊದಲೇ ಖರ್ಚು. ಚೀಲ ಬ್ಯಾಡಗಿ ಮಾರ್ಕೆಟ್ ಮುಟ್ಟಿದ ಮೇಲೆ ರೇಟು ಎಷ್ಟಿದ್ದರೆ ಅಷ್ಟು. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಬ್ಯಾಡ ಅಂದ್ರ ಇವ ಊಟ ಬಿಡ್ತಾನ. ತಗೊಂಡ್ರ ನಾವ್ ಬಿಡಬೇಕಾಗ್ತೈತಿ. ನೀನಾರ ಏನಾರ ಹೇಳು.’

ಹಾಗಾಗಿ ಈ ವಾರ ಹಳೇ ಪಿಸಿ, ಹಳೇ ಆ್ಯಕ್ಷನ್ ಗೇಮ್ ಬಗ್ಗೆ ಬರೀತಿದ್ದೀನಿ. ಉದಾಹರಣೆಗೆ ಒಂದೇ ಗೇಮ್ ಸಾಕು: ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’. ಯೂಬಿಸಾಫ್ಟ್ 2003ರಲ್ಲಿ ತಂದದ್ದು. ಕಥೆ ಶುರುವಾಗೋದೇ ನಮ್ಮ ದೇಶದ ಒಬ್ಬ ಮಹಾರಾಜನ ಅರಮನೆಯಲ್ಲಿ. ಗೋಡೆ ಮೇಲೆ ಓಡೋದು, ಕಂಬದಿಂದ ಕಂಬಕ್ಕೆ ಹಾರೋದು, ಬಿದ್ದು ಸತ್ತರೆ ಕಾಲವನ್ನೇ ಹಿಂದಕ್ಕೆ ತಿರುಗಿಸೋದು. ಇವತ್ತು ಆಡಿದರೂ ಕೈ ಬಿಡಲ್ಲ.

ಈ ಗೇಮ್ ನಾನು ಮೊದಲು ನೋಡಿದ್ದು 2007ರಲ್ಲಿ, ಸಿರುಗುಪ್ಪದ ನಮ್ಮ ಮನೆಯಲ್ಲಿ. ಅಪ್ಪ ರೈಸ್ ಮಿಲ್‌ನಲ್ಲಿ ಲೆಕ್ಕ ಬರೀತಿದ್ದರು. ಬಳ್ಳಾರಿಯಲ್ಲಿ ಅಸೆಂಬಲ್ ಮಾಡಿಸಿದ ಸೆಕೆಂಡ್ ಹ್ಯಾಂಡ್ ಪೆಂಟಿಯಂ 4 ತಂದಿದ್ದರು. ಗೇಮ್ ಕೇಳುತ್ತಿದ್ದದ್ದು 800 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ್‍ಯಾಮ್, ಎರಡೂ ಇತ್ತು. ಆದರೂ ಓಪನ್ ಆಗಲಿಲ್ಲ. ಕಾರಣ ಪಿಕ್ಸೆಲ್ ಶೇಡರ್. ಪರದೆಯ ಒಂದೊಂದು ಚುಕ್ಕಿಗೂ ಬೆಳಕು, ಬಣ್ಣ ಎಷ್ಟು ಅಂತ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ ಅದು. ಅದನ್ನು ಓಡಿಸುವ ಭಾಗ ಗ್ರಾಫಿಕ್ಸ್ ಚಿಪ್‌ನಲ್ಲೇ ಇರಬೇಕು. ಆಗಿನ ಅಗ್ಗದ ಬೋರ್ಡ್‌ಗಳಲ್ಲಿದ್ದ ಇಂಟೆಲ್ 845, 865 ಆನ್‌ಬೋರ್ಡ್ ಗ್ರಾಫಿಕ್ಸ್‌ನಲ್ಲಿ ಅದು ಇರಲಿಲ್ಲ. ಹೆಸರಿನಲ್ಲಿ 4 ಇದ್ದರೂ ಜಿಫೋರ್ಸ್ 4 ಎಂಎಕ್ಸ್ ಕಾರ್ಡ್‌ನಲ್ಲೂ ಇರಲಿಲ್ಲ, ಅದಕ್ಕಿಂತ ಹಳೇ ಜಿಫೋರ್ಸ್ 3ರಲ್ಲಿ ಇತ್ತು! ಆಗ ಹುಡುಗರು ‘3ಡಿ ಅನಲೈಜ್’ ಅನ್ನೋ ಸಣ್ಣ ಸಾಫ್ಟ್‌ವೇರ್ ಹಾಕಿ, ಕಾರ್ಡ್‌ನಲ್ಲಿ ಎಲ್ಲ ಇದೆ ಅಂತ ಗೇಮ್‌ಗೆ ನಂಬಿಸುತ್ತಿದ್ದರು. ಗೇಮ್ ಶುರುವಾಗುತ್ತಿತ್ತು, ಆದರೆ ರಾಜಕುಮಾರ ಎತ್ತಿನಗಾಡಿ ಸ್ಪೀಡಲ್ಲಿ ಓಡುತ್ತಿದ್ದ.

ಇದರಿಂದ ತಿಳಿಯೋದು ಒಂದೇ: ‘ಎಷ್ಟು ಜಿಬಿ?’ ಅಂತ ಕೇಳೋದಕ್ಕಿಂತ ‘ಗ್ರಾಫಿಕ್ಸ್ ಯಾವುದು?’ ಅಂತ ಕೇಳೋದು ಮುಖ್ಯ. ಈ ಲೆಕ್ಕದಲ್ಲಿ ಈಗಿನ ‘ಹಳೇ ಪಿಸಿ’ ಆಗಿನ ರಾಜ. 2011ರಲ್ಲಿ ಬಂದ ಎರಡನೇ ಜನರೇಷನ್ ಐ3ಯ ಒಳಗಿರುವ ಆನ್‌ಬೋರ್ಡ್ ಗ್ರಾಫಿಕ್ಸ್‌ಗೂ ಈ ಗೇಮ್ ಲೆಕ್ಕಕ್ಕಿಲ್ಲ.

ಇಂಥ ಪಿಸಿಗಳು ಈಗ ಸುಲಭವಾಗಿ ಸಿಗೋಕೆ ಕಾರಣವೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್ 8ನೇ ಜನರೇಷನ್ ಅಥವಾ ಅದರ ಮೇಲಿನದನ್ನೇ ಕೇಳುತ್ತೆ. ಆಫೀಸುಗಳು ಹಳೇ ಸಿಪಿಯುಗಳನ್ನು ಹೊರಗೆ ಹಾಕುತ್ತಿವೆ. ಬಳ್ಳಾರಿಯಲ್ಲಿ ನಮಗೆ ಐ3 ಪಿಸಿ ಮಾನಿಟರ್ ಸಮೇತ 6,500ಕ್ಕೆ ಸಿಕ್ತು. ಇನ್ನೊಂದು 4 ಜಿಬಿ ರ್‍ಯಾಮ್, ಸಣ್ಣ ಎಸ್‌ಎಸ್‌ಡಿ ಸೇರಿ ಒಟ್ಟು ಖರ್ಚು 9,200.

ಇನ್ನು ಕೆಲಸಕ್ಕೆ ಬರೋಣ. ನಾವು ಮಾಡಿದ ಕ್ರಮ ಇದು.

ಮೊದಲು ಧೂಳು. ಬಳ್ಳಾರಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಕೆಂಪು ಧೂಳಂತೂ ಕೇಳಲೇಬೇಡಿ. ಕರೆಂಟ್ ತೆಗೆದು, ಸೈಡ್ ಕವರ್ ಬಿಚ್ಚಿ, ಪೇಂಟ್ ಬ್ರಷ್‌ನಿಂದ ಪ್ರೊಸೆಸರ್ ಫ್ಯಾನ್ ಸ್ವಚ್ಛ ಮಾಡಿ. ಬ್ಲೋವರ್ ಹಿಡಿದರೆ ಫ್ಯಾನ್ ತಿರುಗದ ಹಾಗೆ ಬೆರಳಿಟ್ಟುಕೊಳ್ಳಿ. ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಆಡುವಾಗ ಹದಿನೈದು ನಿಮಿಷಕ್ಕೆ ಪಿಸಿ ತಾನೇ ಆಫ್ ಆಗುತ್ತಿದ್ದರೆ ಬಹಳ ಸಲ ಕಾರಣ ಶಾಖವೇ.

ಎರಡನೆಯದು ಬ್ಯಾಟರಿ. ಆನ್ ಮಾಡಿದಾಗಲೆಲ್ಲ ತಾರೀಖು ಹಳೇ ವರ್ಷಕ್ಕೆ ಹೋಗ್ತಿದೆಯಾ? ಬೋರ್ಡ್ ಮೇಲಿನ ರೂಪಾಯಿ ಬಿಲ್ಲೆಯಂಥ ಸಿಆರ್2032 ಸೆಲ್ ಬದಲಾಯಿಸಿ. ತಾರೀಖು ತಪ್ಪಿದ್ದರೆ ವೆಬ್‌ಸೈಟ್‌ಗಳೇ ಸರಿಯಾಗಿ ತೆರೆಯಲ್ಲ.

ಮೂರನೆಯದು ರ್‍ಯಾಮ್. ಆನ್‌ಬೋರ್ಡ್ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರಲ್ಲ, ರ್‍ಯಾಮ್‌ನಲ್ಲೇ ಪಾಲು ಪಡೆಯುತ್ತೆ. ಒಂದೇ ಸ್ಟಿಕ್ ಬದಲು ಒಂದೇ ಥರದ ಎರಡು ಸ್ಟಿಕ್ ಹಾಕಿದರೆ ಗೇಮ್‌ನ ವೇಗ ಹೆಚ್ಚುತ್ತೆ.

ನಾಲ್ಕನೆಯದು ಗೇಮ್. ನಾವು ಇದನ್ನು ಜಿಒಜಿ ಅಂಗಡಿಯಲ್ಲಿ ಅಕ್ಕನ ಹೆಸರಿನ ಅಕೌಂಟ್‌ನಿಂದ ದುಡ್ಡು ಕೊಟ್ಟೇ ತಗೊಂಡೆವು. ಅಲ್ಲಿ ಇನ್‌ಸ್ಟಾಲರ್ ಪೂರ್ತಿ ಫೈಲ್ ಆಗಿ ಕೈಗೆ ಬರುತ್ತೆ. ಬಳ್ಳಾರಿಯಲ್ಲಿ ಬ್ರಾಡ್‌ಬ್ಯಾಂಡ್‌ನಲ್ಲಿ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ, ಕುರುಗೋಡು ಬಸ್ ಹತ್ತಿದ್ದಾಯ್ತು. ಇನ್‌ಸ್ಟಾಲ್ ಮಾಡುವಾಗ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಬೇಡ, ‘ಡಿ’ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿ. ಅಲ್ಲಾದರೆ ಸೇವ್ ಫೈಲ್ ಬರೆಯೋಕೆ ವಿಂಡೋಸ್ ತಕರಾರು ಮಾಡಲ್ಲ.

ಐದನೆಯದು ಸೆಟ್ಟಿಂಗ್. ಗೇಮ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪಾಟಿಬಿಲಿಟಿಯಲ್ಲಿ ವಿಂಡೋಸ್ ಎಕ್ಸ್‌ಪಿ ಆರಿಸಿ. ‘ಡಿ3ಡಿಎಕ್ಸ್9’ ಅಂತ ಶುರುವಾಗುವ ಫೈಲ್ ಇಲ್ಲ ಅಂದರೆ ಮೈಕ್ರೋಸಾಫ್ಟ್ ಸೈಟ್‌ನಿಂದಲೇ ಡೈರೆಕ್ಟ್‌ಎಕ್ಸ್ 9 ಹಾಕಿ, ಸಿಕ್ಕ ಸಿಕ್ಕ ಸೈಟ್‌ನಿಂದ ಒಂಟಿ ಡಿಎಲ್ಎಲ್ ಇಳಿಸಬೇಡಿ. ಗೇಮ್ ತಡವರಿಸಿದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ‘ಸೆಟ್ ಅಫಿನಿಟಿ’ಗೆ ಹೋಗಿ ಒಂದೇ ಕೋರ್ ಕೊಟ್ಟು ನೋಡಿ. ಒಂದೇ ಕೋರ್ ಇದ್ದ ಕಾಲದ ಗೇಮ್‌ಗಳಲ್ಲಿ ಕೆಲವು ಹೆಚ್ಚು ಕೋರ್ ಕಂಡರೆ ಗೊಂದಲಕ್ಕೆ ಬೀಳುತ್ತವೆ.

ಈಗ ನಿಜವಾಗಿ ಭಯ ಪಡಬೇಕಾದ ಮಾತು. ನಾನು ಹೋಗೋ ಮುಂಚೆಯೇ ಹುಡುಗ ಇನ್ನೊಂದು ದಾರಿ ಹುಡುಕಿಟ್ಟಿದ್ದ. ಯಾವುದೋ ವಿಡಿಯೋ ಕೆಳಗಿನ ಲಿಂಕ್, ‘ಹೈಲಿ ಕಂಪ್ರೆಸ್ಡ್’, ಕೆಲವೇ ಎಂಬಿಗೆ ದೊಡ್ಡ ಗೇಮ್. ಜಿಪ್‌ಗೆ ಪಾಸ್‌ವರ್ಡ್, ಮೇಲೆ ಒಂದು ಸೂಚನೆ: ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ.’ ಜಿಪ್‌ಗೆ ಪಾಸ್‌ವರ್ಡ್ ಹಾಕೋದು ಆ್ಯಂಟಿವೈರಸ್ ಒಳಗೆ ಇಣುಕಬಾರದು ಅಂತಲೇ ಇರಬಹುದು. ಇಂಥ ಫೈಲ್‌ಗಳಲ್ಲಿ ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್, ಲಾಗಿನ್ ಎಲ್ಲ ಕದಿಯುವ ಪ್ರೋಗ್ರಾಂ ಅಡಗಿರುತ್ತೆ. ಅವನು ಬ್ರೌಸರ್‌ನಲ್ಲಿ ತೆರೆಯಬೇಕೆಂದಿದ್ದದ್ದು ಅಕ್ಕನ ಜಿಮೇಲ್. ಅದರಲ್ಲೇ ಅವನ ಸ್ಕಾಲರ್‌ಶಿಪ್ ಅರ್ಜಿ, ಅದರಲ್ಲೇ ಭಾವನ ಬ್ಯಾಂಕ್ ಪಾಸ್‌ವರ್ಡ್ ರೀಸೆಟ್. ಬೆಳೆ ಮಾರಿದ ದುಡ್ಡು ಬಂದು ಬೀಳೋದು ಆ ಖಾತೆಗೆ. ಅವನ ಎದುರೇ ಆ ಜಿಪ್ ಡಿಲೀಟ್ ಮಾಡಿದೆವು.

ನಿಯಮ ಸರಳ. ಆಡುವ ಹಳೇ ಪಿಸಿಯಲ್ಲಿ ಬ್ಯಾಂಕ್ ಬೇಡ, ಮನೆಯವರ ಮೇಲ್ ಬೇಡ. ಅಪ್‌ಡೇಟ್ ನಿಂತ ವಿಂಡೋಸ್ ಆದರೆ ಗೇಮ್ ಹಾಕಿದ ಮೇಲೆ ಇಂಟರ್‌ನೆಟ್ ಆಫ್ ಮಾಡಿ, ಈ ಗೇಮ್‌ಗೆ ನೆಟ್ ಬೇಕಿಲ್ಲ. ದುಡ್ಡು ಹೋಗಿದ್ದು ಗೊತ್ತಾದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಹುಡುಗನಿಗೆ ಸಮಾಧಾನ ಆಯ್ತಾ ಅಂತ ನೀವು ಕೇಳ್ತೀರಿ. ಮೊದಲ ದಿನ ಮುಖ ಊದಿಸಿಕೊಂಡಿದ್ದ. ಗೆಳೆಯರು ಆಡುವ ಜಿಟಿಎ 5 ಈ ಪಿಸಿಯಲ್ಲಿ ಆಗಲ್ಲ ಅಂತ ಅವನಿಗೂ ಗೊತ್ತು, ನಾನೂ ಮುಚ್ಚಿಡಲಿಲ್ಲ. ಮೂರನೇ ದಿನ ರಾತ್ರಿ ಫೋನ್: ‘ಮಾಮ, ಟೈಮ್ ಹೆಂಗ ಹಿಂದಕ್ಕ ಹೋಗ್ತೈತಿ? ಒಳಗ ಏನು ಮಾಡ್ಯಾರ?’

ಹೇಳಿದೆ. ಇಂಥದ್ದಕ್ಕೆ ಸರಳ ದಾರಿ ಅಂದರೆ, ಸೆಕೆಂಡಿಗೆ 30 ಸಲ ರಾಜಕುಮಾರ ಎಲ್ಲಿದ್ದಾನೆ, ಹೇಗೆ ನಿಂತಿದ್ದಾನೆ ಅಂತ ಬರೆದಿಡೋದು. ಹತ್ತು ಸೆಕೆಂಡಿಗೆ 300 ಸಾಲು. 301ನೆಯದು ಬಂದಾಗ ಮೊದಲನೆಯದನ್ನು ಅಳಿಸೋದು. ಹಿಂದಕ್ಕೆ ಹೋಗೋದು ಅಂದರೆ ಆ ಸಾಲುಗಳನ್ನು ತಿರುಗಿ ಓದೋದು. ಜೊತೆಗೆ 1989ರ ಮೊದಲ ಪ್ರಿನ್ಸ್ ಕಥೆಯೂ ಹೇಳಿದೆ. ಜೋರ್ಡಾನ್ ಮೆಕ್ನರ್ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ಮಾಡಿ, ಆಪಲ್ 2 ಕಂಪ್ಯೂಟರ್‌ಗೆ ಒಂದೊಂದೇ ಚಿತ್ರ ಬಿಡಿಸಿದವರು. ಇನ್ನೊಂದು ಪಾತ್ರಕ್ಕೆ ಮೆಮೊರಿ ಉಳಿದಿರಲಿಲ್ಲ. ಅದಕ್ಕೇ ನಾಯಕನ ಚಿತ್ರಗಳನ್ನೇ ಸ್ವಲ್ಪ ಸರಿಸಿ ಬೇರೆ ಥರ ಮೂಡಿಸಿದರು, ನೆರಳಿನಂಥ ವೈರಿ ಹುಟ್ಟಿದ. ಮೆಷೀನ್ ಸಣ್ಣದಾದಾಗ ತಲೆ ಓಡಿಸಲೇಬೇಕು.

ಲ್ಯಾಪ್‌ಟಾಪ್ ಆಸೆ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಮುಂದೆ ಎಂಜಿನಿಯರಿಂಗ್ ಸೀಟು ಸಿಕ್ಕರೆ ಓದಿಗೇ ಒಂದು ಬೇಕು, ಆಗ ಕೂತು ಆರಿಸೋಣ ಅಂತ ಮೂವರೂ ಒಪ್ಪಿದ್ದಾರೆ. ಸದ್ಯಕ್ಕೆ ಭಾವನ ಹೆಸರಲ್ಲಿ ಹೊಸ ಸಾಲ ಇಲ್ಲ.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಸಿಪಿಯು ಇದ್ದರೆ, ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಯಾವುದು ಅಂತ ಬರೆದು ಕಳಿಸಿ. ಅದರಲ್ಲಿ ಯಾವ ಗೇಮ್ ಓಡುತ್ತೆ ಅಂತ ಮುಂದಿನ ಕಂತಿನಲ್ಲಿ ಹೇಳ್ತೀನಿ.