ಹೆಬ್ಬಾಳಕ್ಕೆ ಒಪ್ಪುವ ಅಲಗು

ಬೆಳಗಿನ ಹೊತ್ತು ಯಲಹಂಕದಿಂದ ನಗರದತ್ತ ಹೊರಟವರಿಗೆ ಹೆಬ್ಬಾಳದ ಮೇಲ್ಸೇತುವೆಯನ್ನು ಪರಿಚಯಿಸಬೇಕಾಗಿಲ್ಲ. ವಾಹನಗಳು ಅಲ್ಲಿ ನಿಲ್ಲುತ್ತವೆ, ತೆವಳುತ್ತವೆ, ಮತ್ತೆ ನಿಲ್ಲುತ್ತವೆ. ಆ ಸಾಲಿನಲ್ಲಿ ಕ್ಲಚ್ ಪೆಡಲೇ ಇಲ್ಲದ ಕಾರುಗಳು ಈಗ ಅನೇಕ. ಅವುಗಳಲ್ಲಿ ಹಲವಕ್ಕೆ ಟಾರ್ಕ್ ಕನ್ವರ್ಟರೆಂಬ ಸಾಧನವಿರುತ್ತದೆ. ಗಾಲಿಗಳು ನಿಂತಿದ್ದರೂ ಅದರೊಳಗಿನ ಒಂದು ಚಕ್ರ ಎಂಜಿನ್ನಿನೊಡನೆ ತಿರುಗುತ್ತಲೇ ಇರುತ್ತದೆ. ಆ ಚಕ್ರದ ಅಲಗುಗಳನ್ನು ಯಾವ ರಸ್ತೆಯನ್ನು ನೆನೆದು ರೂಪಿಸಬೇಕು? ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆಯಿದು.

ಎರಡು ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ಓಡಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆಯಿದೆ. ಎಂಜಿನ್ನು ತಿರುಗಿಸುವ ಚಕ್ರವೇ ಇಂಪೆಲ್ಲರು. ಅದು ಎಸೆದ ಎಣ್ಣೆ ಟರ್ಬೈನನ್ನು ನೂಕುತ್ತದೆ. ಟರ್ಬೈನು ಗಾಲಿಗಳನ್ನು ನಡೆಸುತ್ತದೆ. ಹಿಂದಿರುಗುವ ಎಣ್ಣೆಯ ದಿಕ್ಕನ್ನು ನಡುವಣ ಸ್ಟೇಟರು ತಿದ್ದುವುದರಿಂದ, ಹೊರಡುವಾಗ ಎಂಜಿನ್ನಿನ ಟಾರ್ಕು, ಎಂದರೆ ತಿರುಗಿಸುವ ಬಲ, ಸುಮಾರು ಇಮ್ಮಡಿಯಾಗುತ್ತದೆ. ಜರ್ಮನಿಯ ಹೆರ್ಮನ್ ಫಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟು ಪಡೆದುದು ಹಡಗುಗಳಿಗಾಗಿ.

ಇಂಪೆಲ್ಲರು ಹೀರುವ ಬಲವನ್ನು ನಿರ್ಧರಿಸುವವು ಅದರ ವೇಗ, ವ್ಯಾಸ ಮತ್ತು ಅಲಗಿನ ಕೋನ. ವ್ಯಾಸದ ಪ್ರಭಾವ ಅಚ್ಚರಿಯದು: ಟಾರ್ಕು ವ್ಯಾಸದ ಐದನೆಯ ಘಾತಕ್ಕೆ ಅನುಗುಣ. ಅದೇ ಆಕಾರವನ್ನುಳಿಸಿ ವ್ಯಾಸವನ್ನು ನೂರಕ್ಕೆ 10ರಷ್ಟು ಹಿಗ್ಗಿಸಿದರೆ, ಅದೇ ವೇಗದಲ್ಲಿ ಟಾರ್ಕು ನೂರಕ್ಕೆ 61ರಷ್ಟು ಹೆಚ್ಚುತ್ತದೆ. ವ್ಯಾಸವನ್ನು ಬದಲಿಸದೆ ಅಲಗಿನ ತುದಿಯನ್ನು ತಿರುಗುವ ದಿಕ್ಕಿಗೆ ಮುಂದೆ ಬಾಗಿಸಿದರೂ ಹೀರುವ ಬಲ ಹೆಚ್ಚುತ್ತದೆ. ಹಿಂದಕ್ಕೆ ಬಾಗಿಸಿದರೆ ತಗ್ಗುತ್ತದೆ.

ಹೆಚ್ಚು ಹೀರುವ ಇಂಪೆಲ್ಲರಿನಲ್ಲಿ ಜಾರಿಕೆ ಕಡಿಮೆ. ತೆರವಾದ ಹೆದ್ದಾರಿಗೆ ಅದು ಒಳ್ಳೆಯದು. ಆದರೆ ಬ್ರೇಕು ಒತ್ತಿ ನಿಂತಾಗ ಅದೇ ಎಂಜಿನ್ನಿಗೆ ಹೊರೆ. ನಿಮಿಷಕ್ಕೆ 700 ಸುತ್ತು ತಿರುಗುವ ಎಂಜಿನ್ನಿನಿಂದ ಅದು 20 ನ್ಯೂಟನ್-ಮೀಟರ್ ಹೀರುವುದೆಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 1,470 ವಾಟ್. ಬಕೆಟ್ಟಿನ ನೀರು ಕಾಯಿಸುವ ವಿದ್ಯುತ್ ಕಾಯಿಲಿನಷ್ಟು! ಗಾಲಿ ಅಲುಗದಿರುವುದರಿಂದ ಅಷ್ಟೂ ಶಕ್ತಿ ಎಣ್ಣೆಯನ್ನು ಬಿಸಿಮಾಡುವುದರಲ್ಲಿಯೇ ವ್ಯಯವಾಗುತ್ತದೆ.

ಎರಡು ಚಕ್ರಗಳನ್ನೂ ಒಂದಾಗಿ ಬಿಗಿಯುವ ಲಾಕ್-ಅಪ್ ಕ್ಲಚ್ಚು ಇದೆಯಲ್ಲ ಎನ್ನಬಹುದು. ಅದು ಓಡುವಾಗಿನ ಜಾರಿಕೆಯನ್ನು ನಿವಾರಿಸೀತು. ನಿಂತಾಗ ಅದು ಬಿಚ್ಚಿರಲೇಬೇಕು. ಆದುದರಿಂದ ನಮ್ಮ ನಗರಗಳಿಗೆ ಅಲಗು ತುಸು ಹಿಂದಕ್ಕೆ ಬಾಗಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಇದಕ್ಕೂ ಬೆಲೆಯುಂಟು: ಮೇಲ್ಸೇತುವೆಯ ಏರನ್ನು ಹತ್ತುವಾಗ ಎಂಜಿನ್ನು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ, ಜಾರಿಕೆಯೂ ಹೆಚ್ಚುತ್ತದೆ. ಎಲ್ಲ ರಸ್ತೆಗೂ ಒಪ್ಪುವ ಅಲಗು ಎಂಬುದಿಲ್ಲ. ಯಾವ ನಷ್ಟವನ್ನು ಸಹಿಸಬೇಕೆಂಬ ಆಯ್ಕೆಯೇ ವಿನ್ಯಾಸ.

ಆ ಆಯ್ಕೆ ಪರದೇಶದ ನಕ್ಷೆಯಿಂದ ನಕಲಾಗಬಾರದು. ಯಲಹಂಕದಿಂದ ಹೆಬ್ಬಾಳದವರೆಗೆ ನಿಂತ ಕಾಲವೆಷ್ಟು, ತೆವಳಿದುದೆಷ್ಟು, ಓಡಿದುದೆಷ್ಟು ಎಂಬುದನ್ನು ಪ್ರಯಾಣಿಕನಾಗಿ ಕುಳಿತ ಕಾಲೇಜು ವಿದ್ಯಾರ್ಥಿ ಗಡಿಯಾರ ಹಿಡಿದು ಒಂದು ತಿಂಗಳು ಬರೆದಿಡಬಲ್ಲನು. ಕೋನದ ಲೆಕ್ಕ ಆ ಪಟ್ಟಿಯಿಂದಲೇ ಮೊದಲಾಗಬೇಕು.

ವಿದ್ಯುತ್ ಕಾರುಗಳು ಬರುತ್ತಿರುವಾಗ ಈ ಶ್ರಮವೇಕೆಂದು ಕೆಲವರು ಕೇಳಿಯಾರು. ಸಾಮಾನ್ಯವಾಗಿ ಅವಕ್ಕೆ ಕನ್ವರ್ಟರು ಬೇಡ, ನಿಜ. ಆದರೆ ನಮ್ಮ ಕೊಳವೆಬಾವಿಗಳ ಆಳದಿಂದ ನೀರೆತ್ತುವ ಪಂಪಿನಲ್ಲಿರುವುದೂ ಇಂಪೆಲ್ಲರೇ. ಅಲ್ಲಿಯೂ ಕೋನವೇ ಮುಖ್ಯ. ಒಂದು ಅಲಗನ್ನು ತನ್ನ ಊರಿನ ಅಳತೆಯಿಂದ ರೂಪಿಸಲು ಕಲಿತವನಿಗೆ ಇನ್ನೊಂದು ಕಷ್ಟವಾಗಲಾರದು.