ಜೇನುಗೂಡಿನ ಕಾವಲು

ಜೇನುನೊಣವೆಂದೊಡನೆ ಮಕ್ಕಳಿಗೆ ಅದರ ಕೊಂಡಿಯೇ ನೆನಪಾಗುವುದು. ನಮ್ಮ ಚರ್ಮದಲ್ಲಿ ನಾಟಿದ ಕೊಂಡಿಯನ್ನು ಮರಳಿ ಕೀಳಲಾರದೆ ಆ ನೊಣವು ಸಾಯುವುದನ್ನು ಹಲವರು ತ್ಯಾಗದ ಮೇಲ್ಪಂಕ್ತಿಯೆಂದು ಅವರಿಗೆ ಬೋಧಿಸುವರು. ಈ ಬೋಧನೆಯು ಅರ್ಧ ಮಾತ್ರವೇ ಸರಿಯೆಂದು ನನ್ನ ಅಭಿಪ್ರಾಯ.

ನಮ್ಮ ತೋಟಗಳ ತುಡುವೆ ಜೇನಿನ ಜಾತಿಯವೇ ಜಪಾನಿನಲ್ಲಿಯೂ ಇವೆ. ಅಲ್ಲಿನ ಹೆಗ್ಗಣಜವೊಂದು ಗೂಡನ್ನು ಹೊಕ್ಕರೆ, ನೂರಾರು ಕೆಲಸಗಾರ ನೊಣಗಳು, ಎಲ್ಲವೂ ಹೆಣ್ಣುಗಳೇ, ಅದನ್ನು ಚೆಂಡಿನಂತೆ ಮುತ್ತಿ, ಹಾರುವ ಸ್ನಾಯುಗಳನ್ನು ಅದುರಿಸಿ ಕಾವನ್ನು ಹುಟ್ಟಿಸುವುವು. ಕಾವು ಸುಮಾರು 46 ಡಿಗ್ರಿ ಸೆಂಟಿಗ್ರೇಡಿಗೆ ಏರಲು ಕಣಜವು ಸಾಯುವುದು; ಅದಕ್ಕಿಂತ ತುಸು ಹೆಚ್ಚು ಕಾವನ್ನು ತಾಳಬಲ್ಲ ಜೇನುಗಳು ಉಳಿಯುವುವು. ಜಪಾನಿನ ವಿದ್ವಾಂಸರು ಇದನ್ನು 1995ರಲ್ಲಿ ವಿವರವಾಗಿ ಪ್ರಕಟಿಸಿದರು. ಅಲ್ಲಿಗೆ ತರಲ್ಪಟ್ಟ ಯೂರೋಪಿನ ಜೇನುಗಳಾದರೋ ಈ ವಿದ್ಯೆಯಲ್ಲಿ ಹಿಂದುಳಿದವು. ಒಂದೊಂದಾಗಿ ಎದುರಿಸಿ ಸಾವಿರಗಟ್ಟಲೆಯಾಗಿ ಮಡಿಯುವುವು.

ಈ ಕಾವಲು ಬೆಲೆಯಿಲ್ಲದೆ ದೊರೆಯತಕ್ಕದ್ದಲ್ಲ. ಚೆಂಡಿನಲ್ಲಿ ಸೇರಿದ ನೊಣಗಳ ಉಳಿದ ಆಯುಸ್ಸು ಕುಗ್ಗುವುದೆಂದು 2018ರ ಸಂಶೋಧನೆಯೊಂದು ತಿಳಿಸಿತು. ಆದರೆ ಆ ಬೆಲೆಯನ್ನು ನೂರಾರು ನೊಣಗಳು ಹಂಚಿಕೊಳ್ಳುವುದರಿಂದಲೇ ಗೂಡು ಉಳಿಯುವುದು.

ತಾಯಿತಂದೆಗಳೇ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಒಬ್ಬಳೇ ಎಲ್ಲವನ್ನೂ ಸಹಿಸಿ ಸವೆಯುವುದು ಹೆಣ್ಣಿನ ಹಿರಿಮೆಯೆಂದು ಹೊಗಳುವ ವಾಡಿಕೆಯು ನಮ್ಮ ಮನೆಗಳಲ್ಲುಂಟು. ಆ ಹೊಗಳಿಕೆಯಿಂದ ಹೊರೆಯು ಹಗುರವಾಗದು. ರೋಗವೋ ಸಾಲವೋ ಮನೆಯ ಮೇಲೆ ಎರಗಿದಾಗ ಹಿರಿಯ ಮಗಳೊಬ್ಬಳನ್ನೇ ಮುಂದೆ ನೂಕದೆ, ಗಂಡುಮಕ್ಕಳೂ ಸೇರಿ ಎಲ್ಲರೂ ಹೆಗಲು ಕೊಡುವುದನ್ನು ಕಲಿಸಿರಿ. ತ್ಯಾಗವು ದೊಡ್ಡದು, ಅದನ್ನು ಒಬ್ಬಳಿಂದಲೇ ಬೇಡುವುದು ನ್ಯಾಯವಲ್ಲ.