ಸೆನ್ಸರ್ ಕಸದ ಬುಟ್ಟಿ ಯಾರಿಗೆ ಬೇಕಿತ್ತು?

ಶಾಲೆಗಳ ವಿಜ್ಞಾನ ಮೇಳಕ್ಕೆ ಹೋದರೆ, ಕೈ ಹತ್ತಿರ ತಂದಾಗ ಮುಚ್ಚಳ ತಾನಾಗಿ ತೆರೆಯುವ ಕಸದ ಬುಟ್ಟಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲೇ, ಕೈ ಚಾಚಿದರೆ ಸ್ಯಾನಿಟೈಸರ್ ಸುರಿಸುವ ಡಬ್ಬ. ಮಕ್ಕಳ ಕೈಚಳಕ ಮೆಚ್ಚುವಂಥದ್ದೇ. ಆದರೆ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದು ಸಂಜೆಯವರೆಗೆ ನೀರೇ ಕುಡಿಯದೆ ಕೂರುವ ಹುಡುಗಿಯರೂ ಇಂಥ ಶಾಲೆಗಳಲ್ಲೇ ಇದ್ದಾರೆ. ತಲೆನೋವು, ಉರಿಮೂತ್ರ, ಮೂತ್ರನಾಳದ ಸೋಂಕು ಎಂದು ಅವರನ್ನು ವೈದ್ಯರ ಬಳಿ ಕರೆದೊಯ್ಯುವ ತಾಯಂದಿರಿಗೆ ಇದು ಗೊತ್ತು. ಮೇಳದ ಮೇಜಿನ ಮೇಲೆ ಮಾತ್ರ ಈ ಸಮಸ್ಯೆ ಕಾಣುವುದಿಲ್ಲ.

ಅವಕಾಶಗಳಿಗೆ ಈಗ ಕೊರತೆಯಿಲ್ಲ. ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿವೆ. ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಕಾಲೇಜಿನವರಿಗೆ 2017ರಿಂದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಇದೆ. ಇಂಥಲ್ಲೆಲ್ಲ ಕೇಳಿಬರುವ ಮಾತು ‘ಡಿಸೈನ್ ಥಿಂಕಿಂಗ್’. ಹೆಸರು ದೊಡ್ಡದು, ವಿಷಯ ಸರಳ: ಬಳಸುವವರನ್ನು ಮೊದಲು ನೋಡು, ಕೇಳು, ಆಮೇಲೆ ಮಾಡು, ಮಾಡಿದ್ದನ್ನು ಅವರ ಕೈಗೇ ಕೊಟ್ಟು ತಿದ್ದು. ನಮ್ಮ ಸ್ಪರ್ಧೆಗಳಲ್ಲಿ ಇದರ ಮೊದಲ ಭಾಗವೇ ಬಿಟ್ಟುಹೋಗುತ್ತಿದೆ ಎಂಬುದು ನನ್ನ ದೂರು.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆಯಿದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಒಂದು ತಂಡಕ್ಕೆ, ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ತಯಾರಿಸಿ ಎಂದು ತರಗತಿಯಲ್ಲಿ ಕೆಲಸ ಕೊಡಲಾಯಿತು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಅದು. ತರಗತಿಯಲ್ಲೇ ಕೂತಿದ್ದರೆ ಇದ್ದ ಪೆಟ್ಟಿಗೆಯ ಬಿಡಿಭಾಗಗಳನ್ನೇ ಅಗ್ಗ ಮಾಡುತ್ತಿದ್ದರೇನೋ. ತಂಡದವರೊಬ್ಬರು ನೇಪಾಳಕ್ಕೆ ಹೋಗಿ ನೋಡಿದರು. ನಗರದ ಆಸ್ಪತ್ರೆಯಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು. ಅವು ಬೇಕಾಗಿದ್ದ ಶಿಶುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗುತ್ತಿತ್ತು.

ಪೆಟ್ಟಿಗೆಯ ಯೋಚನೆ ಅಲ್ಲಿಗೆ ಬಿತ್ತು. ಶಿಶುವನ್ನು ಮಲಗಿಸುವ ಪುಟ್ಟ ಚೀಲ ಬಂತು. ಅದರೊಳಗೆ ಮೇಣದಂಥ ವಸ್ತುವಿರುವ ಪೊಟ್ಟಣ. ಒಮ್ಮೆ ಬಿಸಿ ಮಾಡಿದರೆ ಕೆಲವು ಗಂಟೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಬಿಸಿ ಉಳಿಯುತ್ತದೆ, ಆ ಹೊತ್ತಿಗೆ ಕರೆಂಟ್ ಬೇಡ. ‘ಎಂಬ್ರೇಸ್’ ಎಂದು ಅದರ ಹೆಸರು. ತಂಡ ಮುಂದೆ ಬೆಂಗಳೂರಿಗೇ ಬಂದು ಕೆಲಸ ಮುಂದುವರಿಸಿತು. ಇಲ್ಲಿ ತಾಯಂದಿರೊಂದಿಗೆ ಮಾತಾಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಡಾಕ್ಟರ ಔಷಧ ‘ಖಡಕ್’ ಎಂಬ ಭಯದಿಂದ ಮಗುವಿಗೆ ಹೇಳಿದ್ದಕ್ಕಿಂತ ಕಡಿಮೆ ಕೊಡುವ ತಾಯಿ, 37 ಎಂದರೆ ಅದಕ್ಕಿಂತ ಕಡಿಮೆಗೇ ನಿಲ್ಲಿಸುತ್ತಾಳೆ. ಹಾಗಾಗಿ ಅಂಕಿ ತೆಗೆದು, ‘ಸರಿ’ ಅಥವಾ ‘ಸರಿಯಿಲ್ಲ’ ಎಂದಷ್ಟೇ ತೋರಿಸುವ ಗುರುತು ಇಟ್ಟರು. ಯಾವ ಪಠ್ಯಪುಸ್ತಕವೂ ಇದನ್ನು ಹೇಳಿಕೊಡುತ್ತಿರಲಿಲ್ಲ. (ಮಗು ಸ್ಥಿರವಾಗಿದ್ದರೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಯನ್ನು ವೈದ್ಯರು ಹೇಳುವುದುಂಟು, ಚೀಲವಿದ್ದರೂ ಅದನ್ನು ಬಿಡಬಾರದು.)

ನಮ್ಮ ಮನೆಗಳಿಗೇ ಬರೋಣ. ಅಜ್ಜಿಯ ಬಿಪಿ ಮಾತ್ರೆ ನೆನಪಿಸುವ ಆ್ಯಪ್ ಮಾಡುವ ಹುಡುಗರು ಹಲವರು. ‘ಹೇಗಿದೆ ಅಜ್ಜಿ?’ ಎಂದರೆ ಅಜ್ಜಿ ‘ಚೆನ್ನಾಗಿದೆ ಮಗಾ’ ಎನ್ನುವುದು ಖಂಡಿತ. ಮೊಮ್ಮಗನ ಮನಸ್ಸು ನೋಯಿಸುವ ಅಜ್ಜಿ ಎಲ್ಲಿದ್ದಾಳೆ? ಅದರ ಬದಲು, ‘ನಿನ್ನೆ ಮಾತ್ರೆ ಯಾವಾಗ ತಗೊಂಡೆ? ಎಲ್ಲಿಟ್ಟಿದ್ದೀಯ, ತೋರಿಸು’ ಎಂದು ಕೇಳಬೇಕು. ಫೋನ್ ಹಗಲೆಲ್ಲ ಮಗನ ಜೇಬಿನಲ್ಲಿರುತ್ತದೆ, ಎರಡೂ ಮಾತ್ರೆ ಬಿಳಿಯಾದ್ದರಿಂದ ಯಾವುದು ಯಾವುದೆಂದು ಅಜ್ಜಿಗೆ ತಿಳಿಯುತ್ತಿಲ್ಲ ಎಂಬುದು ಆಗ ಹೊರಬರಬಹುದು. ಎರಡು ಬಣ್ಣದ ಡಬ್ಬ ಸಾಕಾಗಬಹುದು. ಬಹುಮಾನ ಸಿಗಲಿಕ್ಕಿಲ್ಲ, ಬಿಪಿ ಮಾತ್ರ ಹತೋಟಿಗೆ ಬರುತ್ತದೆ!

ಶೌಚಾಲಯ, ಮುಟ್ಟಿನ ವಿಷಯಗಳಲ್ಲಿ ಕೇಳುವುದಕ್ಕೂ ಮರ್ಯಾದೆಯಿದೆ. ಹುಡುಗಿಯರನ್ನು ಹುಡುಗಿಯರೇ ಅಥವಾ ಶಿಕ್ಷಕಿಯೇ ಕೇಳಲಿ. ಹೆಸರು ಬರೆಯುವುದು ಬೇಡ, ಫೋಟೋ ಖಂಡಿತ ಬೇಡ. ‘ಹೇಳಲು ಇಷ್ಟವಿಲ್ಲ’ ಎಂದವಳನ್ನು ಅಲ್ಲಿಗೇ ಬಿಟ್ಟುಬಿಡಬೇಕು.

ಶಿಕ್ಷಕರು ಹೇಳುವುದುಂಟು: ಪಾಠ ಮುಗಿಸುವುದಕ್ಕೇ ಸಮಯವಿಲ್ಲ, ಇನ್ನು ಮನೆ ಮನೆ ಸುತ್ತುವುದೆಲ್ಲಿ? ಅವರ ಕಷ್ಟ ನಿಜ. ಆದರೆ ನೂರು ಜನರ ಸಮೀಕ್ಷೆ ಯಾರಿಗೂ ಬೇಕಿಲ್ಲ. ಐದಾರು ಜನರ ಜೊತೆ ಅರ್ಧರ್ಧ ಗಂಟೆ ಕೂತು, ಅವರು ಕೆಲಸ ಮಾಡುವುದನ್ನು ಸುಮ್ಮನೆ ನೋಡಿದರೂ ಆರಂಭಕ್ಕೆ ಸಾಕಷ್ಟು ಸಿಗುತ್ತದೆ. ಹೆಚ್ಚಿನ ಹೊಣೆ ತೀರ್ಪುಗಾರರದ್ದು. ಮಿಣುಕುವ ದೀಪ, ಸದ್ದು ಮಾಡುವ ಬಜರ್‌ಗೆ ಅಂಕ ಸುರಿದರೆ ಮಕ್ಕಳು ಅದನ್ನೇ ತರುತ್ತಾರೆ. ‘ಇದನ್ನು ಯಾರಿಗಾಗಿ ಮಾಡಿದೆ, ಅವರು ಏನೆಂದರು, ಅದರಿಂದ ನೀನು ಏನು ಬದಲಾಯಿಸಿದೆ?’ ಈ ಮೂರು ಪ್ರಶ್ನೆಗಳಿಗೆ ಒಟ್ಟು ಅಂಕದ ಅರ್ಧವನ್ನಾದರೂ ಮೀಸಲಿಡಲಿ. ಬೇಕಾದ್ದು ಸೆನ್ಸರ್ ಅಲ್ಲ, ಚಿಲಕ ಎಂದು ಒಂದು ತಂಡ ಕಂಡುಕೊಂಡು ಬಂದರೆ, ಅದನ್ನೂ ಆವಿಷ್ಕಾರವೆಂದೇ ಎಣಿಸಲಿ.

ಮುಂದಿನ ಮೇಳಕ್ಕೆಂದು ಮಗಳೋ ಮಗನೋ ಕಿಟ್ ತರಲು ಹಣ ಕೇಳಿದಾಗ, ತಾಯಂದಿರೇ, ಯಾರನ್ನು ಮಾತಾಡಿಸಿ ಬಂದೆ ಎಂದು ಮೊದಲು ಕೇಳಿ. ಯಾರನ್ನೂ ಇಲ್ಲವೆಂದರೆ ಒಂದು ನೋಟ್‌ಬುಕ್ ಕೊಟ್ಟು ಪಕ್ಕದ ಮನೆಗೆ ಕಳಿಸಿ.